ಮುಂಗಾರಿನ ಕೊನೆ ಹೇಗಿರಬಹುದು? ಕೊಡಗಿನ ಕಾವೇರಿ ಕಣಿವೆ, ಸುತ್ತಲಿನ ಬೆಟ್ಟಗಳು: ಸೆಪ್ಟೆಂಬರ್–ಅಕ್ಟೋಬರ್

ನಾಪೋಕ್ಲು ತೋಟ

ಕೈಲ್ ಮುಹೂರ್ತ (ಕೊಡಗಿನ ಆಯುಧ ಪೂಜೆಯ ಹಬ್ಬ) ಮುಗಿಯಿತು. ಗದ್ದೆ ನಾಟಿಯೂ ಹೆಚ್ಚುಕಮ್ಮಿ ಎಲ್ಲ ಕಡೆ ಆಗಿದೆ. ಈಗ ಸಂತೆಗೆ ಹೋದರೂ ಬಸ್ ಹತ್ತಿದರೂ ಒಂದೇ ಪ್ರಶ್ನೆ. ಮಳೆ ಇನ್ನೆಷ್ಟು ದಿನ? ಔಷಧಿ ಹೊಡೆಯಲು ಬಿಡುವು ಸಿಗುತ್ತದಾ? ಬರೆ (ಕಡಿದಾದ ಮಣ್ಣಿನ ಇಳಿಜಾರು) ಪಕ್ಕದ ಮನೆಯವರು ಇನ್ನು ನೆಮ್ಮದಿಯಾಗಿ ಮಲಗಬಹುದಾ? ನನಗೆ ತಿಳಿದಷ್ಟು ಬರೆಯುತ್ತೇನೆ. ನಿಮ್ಮ ನಿಮ್ಮ ಊರಿನ ಸ್ಥಿತಿ ನೀವು ಸೇರಿಸಿ.

ಟಿವಿಯಲ್ಲಿ "ದಕ್ಷಿಣ ಒಳನಾಡಿನಲ್ಲಿ ಸಾಧಾರಣ ಮಳೆ" ಎಂದು ಬಂದರೆ ಅದನ್ನು ನಮ್ಮ ಊರಿಗೆ ಹಾಕಿಕೊಳ್ಳಬೇಡಿ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಕೊಡಗು ಇರುವುದು ದಕ್ಷಿಣ ಒಳನಾಡಿನಲ್ಲಿ. ಅಂದರೆ ಬಿರುನಾಣಿಯ ಮಳೆಯೂ ಕೋಲಾರದ ಮಳೆಯೂ ಒಂದೇ ಸರಾಸರಿಯಲ್ಲಿ ಸೇರುತ್ತವೆ. ಜಿಲ್ಲೆಯ ಒಳಗೇ ಎಷ್ಟು ವ್ಯತ್ಯಾಸ ನೋಡಿ. ಭಾಗಮಂಡಲದಲ್ಲಿ ವರ್ಷಕ್ಕೆ 6,000 ಮಿ.ಮೀ. ಹತ್ತಿರ ಬರುತ್ತದೆ. ಮಡಿಕೇರಿಯಲ್ಲಿ 3,000 ದಾಟುತ್ತದೆ. ಕುಶಾಲನಗರಕ್ಕೆ ಇಳಿದರೆ ಸಾವಿರದ ಆಸುಪಾಸು. ಪಶ್ಚಿಮದಿಂದ ಬರುವ ಮೋಡ ಬ್ರಹ್ಮಗಿರಿ, ತಡಿಯಂಡಮೋಳ್, ಪುಷ್ಪಗಿರಿ ಸಾಲಿಗೆ ತಾಗಿ ಮೇಲೇರಿ ಅಲ್ಲೇ ಸುರಿದುಬಿಡುತ್ತದೆ. ಬೆಟ್ಟ ದಾಟಿದ ಮೇಲೆ ಅದರಲ್ಲಿ ಉಳಿಯುವುದು ಕಮ್ಮಿ.

ಮುಂದಿನ ದಿನಗಳನ್ನು ನಾನು ಹೀಗೆ ನೋಡುತ್ತೇನೆ. ಸೆಪ್ಟೆಂಬರ್ 20ರ ತನಕ ಪಶ್ಚಿಮದ ಗಾಳಿಯದ್ದೇ ಕಾರುಬಾರು. ಆದರೆ ಜುಲೈನ ಹಾಗೆ ಎಡೆಬಿಡದೆ ಹೊಯ್ಯುವುದಿಲ್ಲ. ನಾಲ್ಕು ದಿನ ಬಿಡುವು, ಮೂರು ದಿನ ಜೋರು, ಈ ರೀತಿ ನಡೆಯುತ್ತದೆ. ಆ ಜೋರು ದಿನಗಳು ಯಾವಾಗ ಬರುತ್ತವೆ ಎಂದು ತಿಳಿಯಲು ಬಂಗಾಳ ಕೊಲ್ಲಿಯ ಮೇಲೆ ಕಣ್ಣಿಡಿ. ಒಡಿಶಾ ಕಡೆ ವಾಯುಭಾರ ಕುಸಿತ ಆದರೆ ಅದು ಅರಬ್ಬಿ ಸಮುದ್ರದ ಗಾಳಿಯನ್ನು ನಮ್ಮ ಬೆಟ್ಟದ ಮೇಲಿಂದ ಎಳೆಯುತ್ತದೆ. ಕೊಲ್ಲಿಯಲ್ಲಿ ಏನೂ ಇಲ್ಲ, ಮುಂಗಾರಿನ ಪಟ್ಟಿ (ಉತ್ತರ ಭಾರತದ ಮೇಲೆ ಉದ್ದಕ್ಕೆ ಹಬ್ಬುವ ಕಮ್ಮಿ ಒತ್ತಡದ ಸಾಲು) ಹಿಮಾಲಯದ ಬುಡಕ್ಕೆ ಸರಿದಿದೆ ಎಂದರೆ ಇಲ್ಲಿ ಬಿಸಿಲು ಬೀಳುತ್ತದೆ.

ಸೆಪ್ಟೆಂಬರ್ ಕೊನೆಯಿಂದ ಮಳೆಯ ಸ್ವಭಾವವೇ ಬದಲಾಗುತ್ತದೆ. ಬೆಳಿಗ್ಗೆ ಶುಭ್ರ ಆಕಾಶ. ಹನ್ನೆರಡು ಗಂಟೆಗೆ ಸೆಕೆ. ಮೂರು ಗಂಟೆಯ ಮೇಲೆ ಗುಡುಗು, ಒಂದು ಗಂಟೆ ಜಡಿಮಳೆ. ರಾಜಸ್ಥಾನದ ತುದಿಯಿಂದ ಮುಂಗಾರು ಹಿಂದೆ ಸರಿಯಲು ಶುರುವಾಗುವುದು ಸಾಮಾನ್ಯವಾಗಿ ಸೆಪ್ಟೆಂಬರ್ 17ಕ್ಕೆ. ನಮ್ಮಲ್ಲಿ ಅದು ಪೂರ್ತಿ ಮುಗಿಯುವಾಗ ಅಕ್ಟೋಬರ್ 15 ಆಗುತ್ತದೆ. ಅದರ ಬೆನ್ನಿಗೇ ಹಿಂಗಾರು. ಆದ್ದರಿಂದ ನಡುವೆ ಮಳೆ ಪೂರ್ತಿ ನಿಲ್ಲುತ್ತದೆ ಎಂದು ನಂಬಿ ಕೆಲಸ ಇಟ್ಟುಕೊಳ್ಳಬೇಡಿ. ಬೆಳಗಿನ ಹೊತ್ತು ಮಾತ್ರ ನಿಮ್ಮದು ಎಂದುಕೊಳ್ಳಿ.

ಕುಶಾಲನಗರ ಹೊಳೆಬದಿ

ಅಣ್ಣ, ಒಳ್ಳೆ ಕೆಲಸ ಮಾಡಿದಿರಿ. ನನ್ನದೊಂದು ಪ್ರಶ್ನೆ. ಫೋನಿನಲ್ಲಿ ಎರಡು ಹವಾಮಾನ ಮಾಡೆಲ್ (ಕಂಪ್ಯೂಟರ್ ಲೆಕ್ಕದ ಮುನ್ಸೂಚನೆ) ನೋಡುತ್ತೇನೆ. ಒಂದರಲ್ಲಿ ಶುಕ್ರವಾರ 60 ಮಿ.ಮೀ. ಮಳೆ, ಇನ್ನೊಂದರಲ್ಲಿ 8. ಯಾವುದನ್ನು ನಂಬಬೇಕು?

ನಾಪೋಕ್ಲು ತೋಟ

ಐದು ದಿನದಾಚೆಯ ಅಂಕಿ ಆದರೆ ಎರಡನ್ನೂ ನಂಬಬೇಡಿ. ಮಾಡೆಲ್ ನೆಲವನ್ನು ಚೌಕ ಚೌಕ ಮಾಡಿ ಲೆಕ್ಕ ಹಾಕುತ್ತದೆ. ಯುರೋಪಿನ ಮಾಡೆಲ್‌ನಲ್ಲಿ ಒಂದು ಚೌಕ ಸುಮಾರು 9 ಕಿ.ಮೀ. ಅಗಲ. ನಮ್ಮದೇ ದೇಶದ್ದು 2025ರಲ್ಲಿ ಬಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್. ಅದರದ್ದು 6 ಕಿ.ಮೀ. ನಮ್ಮಲ್ಲಿ 6 ಕಿ.ಮೀ. ಒಳಗೆ ಒಂದು ಬೆಟ್ಟ, ಒಂದು ಗದ್ದೆ ಬಯಲು, ಇನ್ನೊಂದು ಬೆಟ್ಟ ಬಂದುಹೋಗುತ್ತವೆ. ಮಾಡೆಲ್‌ಗೆ ಮಾತ್ರ ಆ ಚೌಕದೊಳಗೆ ಎಲ್ಲವೂ ಒಂದೇ ಎತ್ತರ.

ನಾನು ಅಂಕಿ ನೋಡುವುದಕ್ಕಿಂತ ಗಾಳಿ ನೋಡುವುದು ಜಾಸ್ತಿ. ಒಂದೂವರೆ ಕಿ.ಮೀ. ಎತ್ತರದ ಗಾಳಿಯ ನಕ್ಷೆ ತೆಗೆಯಿರಿ. ಗೆರೆಗಳು ಕಣ್ಣೂರು ಕಡೆಯಿಂದ ನೇರ ನಮ್ಮ ಮೇಲೆ ಬರುತ್ತಿವೆಯಾ, ವೇಗ ಜೋರಿದೆಯಾ ಎಂದು ನೋಡಿ. ಹೌದಾದರೆ ಭಾಗಮಂಡಲ, ಶ್ರೀಮಂಗಲ, ಶಾಂತಳ್ಳಿ ಸಾಲಿಗೆ ಮಳೆ ಗ್ಯಾರಂಟಿ. ಗಾಳಿ ಸತ್ತುಹೋಗಿದೆ ಎಂದರೆ ಗುಡುಗಿನ ಮಳೆ. ಅದು ಯಾವ ಊರಿಗೆ ಬೀಳುತ್ತದೆ ಎಂದು ಹಿಂದಿನ ದಿನ ಯಾರೂ ಹೇಳಲಾರರು.

ಹೊಳೆಬದಿಯವರು ಇನ್ನೊಂದು ನೆನಪಿಡಿ. ಕಾವೇರಿಗೆ ಕೆಆರ್‌ಎಸ್ ತನಕ ದೊಡ್ಡ ಅಣೆಕಟ್ಟು ಯಾವುದೂ ಇಲ್ಲ. ಭಾಗಮಂಡಲದಲ್ಲಿ ಸುರಿದ ನೀರು ನಾಪೋಕ್ಲು, ಬೇತ್ರಿ, ಕರಡಿಗೋಡು ದಾಟಿ ನಿಮ್ಮಲ್ಲಿಗೆ ನೇರ ಬರುತ್ತದೆ. ನಿಮ್ಮ ತಲೆ ಮೇಲೆ ಬಿಸಿಲಿದ್ದರೂ ಹೊಳೆ ಏರುತ್ತಿರಬಹುದು. ಕೆಳಗೆ ಕೂಡಿಗೆಯಲ್ಲಿ ಹಾರಂಗಿ ಸೇರುತ್ತದೆ. ಅಲ್ಲೂ ನೀರು ಜೋರಿದ್ದರೆ ಮೇಲಿನ ನೀರು ಬೇಗ ಇಳಿಯುವುದಿಲ್ಲ. ಈ ತಿಂಗಳಲ್ಲಿ ಹಾರಂಗಿ ಜಲಾಶಯ ತುಂಬಿಯೇ ಇರುತ್ತದೆ. ಒಂದು ಜೋರು ಮಳೆಗೇ ಗೇಟ್ ತೆಗೆಯಬೇಕಾಗಬಹುದು. ಹಾಗಾಗಿ ನಿಮಗೆ ಭಾಗಮಂಡಲದ ಮಳೆಯ ಸುದ್ದಿ ಮುಖ್ಯ, ಕುಶಾಲನಗರದ್ದಲ್ಲ.

ಸೂರ್ಲಬ್ಬಿ ಅಕ್ಕ

ನಿಮ್ಮ ಮಾತೆಲ್ಲ ಸರಿ. ಆದರೆ ನಮಗೆ ಚಿಂತೆ ಬೇರೆ. ಮನೆ ಹಿಂದಿನ ಬರೆಯ ಮೇಲೆ ಒಂದು ಬಿರುಕು ಕಾಣುತ್ತಿದೆ. ಬೆರಳು ಹೋಗುವಷ್ಟು ಅಗಲ. ಈಗ ಮಳೆ ಬಿಟ್ಟಿದೆ. ಬಿಸಿಲಿಗೆ ಬಿಟ್ಟ ಬಿರುಕು ಇರಬಹುದು ಎಂದು ಮನೆಯವರು ಹೇಳುತ್ತಾರೆ. ಮಳೆ ಕಮ್ಮಿ ಆಗುವ ಕಾಲ ಅಲ್ವಾ, ಇನ್ನೇನು ಆಗುವುದಿಲ್ಲ ಎಂದು ಪಕ್ಕದ ಮನೆಯವರ ಧೈರ್ಯ. ನನಗೆ ಧೈರ್ಯ ಬರುತ್ತಿಲ್ಲ.

ಸೋಮವಾರಪೇಟೆ ಮೇಷ್ಟ್ರು

ಅಕ್ಕ, ನಿಮ್ಮ ಭಯ ಸರಿಯಾಗಿದೆ. ಬಿರುಕು ಬರೆಯ ಅಂಚಿಗೆ ಸಮಾನವಾಗಿ, ಉದ್ದಕ್ಕೆ ಹೋಗಿದೆಯಾ ನೋಡಿ. ಅದರ ಕೆಳಗಿನ ಭಾಗ ಮೇಲಿನದಕ್ಕಿಂತ ಸ್ವಲ್ಪವಾದರೂ ತಗ್ಗಿದೆಯಾ? ಹಾಗಿದ್ದರೆ ಅದು ಬಿಸಿಲಿನ ಬಿರುಕಲ್ಲ. ಮಣ್ಣು ಜಾರಲು ಶುರುವಾಗಿದೆ ಎಂದೇ ತಿಳಿಯಿರಿ. ಬಿಸಿಲಿನ ಬಿರುಕು ಅಡ್ಡಾದಿಡ್ಡಿ ಬಿಡುತ್ತದೆ, ಆಳ ಇರುವುದಿಲ್ಲ.

2018ರಲ್ಲಿ ಏನಾಯಿತು ಎಂದು ನಿಮ್ಮ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ, ಮೊಣ್ಣಂಗೇರಿ. ಬೆಟ್ಟಗಳು ಜಾರಿದ್ದು ಆಗಸ್ಟ್ 16, 17ರ ಸುಮಾರಿಗೆ. ಆದರೆ ಆ ಎರಡು ದಿನದ ಮಳೆ ಮಾತ್ರ ಕಾರಣ ಅಲ್ಲ. ಅದಕ್ಕೆ ಮೊದಲು ವಾರಗಟ್ಟಲೆ ಬಿದ್ದ ನೀರನ್ನು ಮಣ್ಣು ಕುಡಿದು ಕೂತಿತ್ತು. ರಸ್ತೆಗೆ, ಮನೆಗೆ ಎಂದು ಇಳಿಜಾರನ್ನು ನೇರ ಕಡಿದದ್ದೂ ಸೇರಿಕೊಂಡಿತು. ನೆನೆದ ಕಂಬಳಿಗೆ ಒಂದು ಚೊಂಬು ನೀರು ಹಾಕಿದರೂ ಅದು ಪೂರ್ತಿ ಕೆಳಗೆ ಸೋರುತ್ತದೆ ಅಲ್ವಾ? ಸೆಪ್ಟೆಂಬರ್‌ನಲ್ಲಿ ನಮ್ಮ ಬೆಟ್ಟಗಳ ಸ್ಥಿತಿ ಅದೇ. ಜೂನ್ ತಿಂಗಳಲ್ಲಿ 100 ಮಿ.ಮೀ. ಬಿದ್ದರೆ ಏನೂ ಆಗದ ಜಾಗದಲ್ಲಿ ಈಗ ಅದರ ಅರ್ಧ ಬಿದ್ದರೂ ಎಚ್ಚರ ಬೇಕು.

ನಾಪೋಕ್ಲು ತೋಟ

ಮೇಷ್ಟ್ರು ಹೇಳಿದ್ದು ಈ ಚರ್ಚೆಯಲ್ಲೇ ದೊಡ್ಡ ಮಾತು. ಎಲ್ಲರೂ "ನಾಳೆ ಎಷ್ಟು ಮಳೆ" ಎಂದು ಕೇಳುತ್ತೇವೆ. "ಈವರೆಗೆ ಎಷ್ಟು ಬಿದ್ದಿದೆ" ಎಂದು ಕೇಳುವವರು ಕಮ್ಮಿ. ಹಳದಿ, ಕಿತ್ತಳೆ, ಕೆಂಪು ಎಂದು ಬರುವ ಎಚ್ಚರಿಕೆಯನ್ನೇ ತೆಗೆದುಕೊಳ್ಳಿ. ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 64.5 ಮಿ.ಮೀ. ಮುಟ್ಟಿದರೆ ಭಾರಿ ಮಳೆ. 115.6ರಿಂದ ಅತಿ ಭಾರಿ. 204.5ರ ಮೇಲೆ ಹೋದರೆ ವಿಪರೀತ. ಈ ಅಂಕಿಗಳು ಇಡೀ ದೇಶಕ್ಕೆ ಒಂದೇ. ನಿಮ್ಮ ಬರೆಯ ಮಣ್ಣು ಎಷ್ಟು ನೆನೆದಿದೆ ಎಂದು ಆ ಬಣ್ಣಕ್ಕೆ ಗೊತ್ತಿಲ್ಲ. ಹಾಗಾಗಿ ಈ ತಿಂಗಳು ಬೆಟ್ಟದ ಬುಡದವರು ಹಳದಿಯನ್ನೇ ಕಿತ್ತಳೆ ಎಂದುಕೊಂಡು ನಡೆದರೆ ಒಳ್ಳೆಯದು.

ಅಕ್ಕ, ಬಣ್ಣಕ್ಕೂ ಕಾಯಬೇಡಿ. ಹೊಸ ಜಾಗದಲ್ಲಿ ಜಲ ಎದ್ದರೆ, ತಿಳಿ ಒರತೆ ಇದ್ದಕ್ಕಿದ್ದಂತೆ ಕೆಂಪಾದರೆ, ಮನೆಯ ಬಾಗಿಲು ಚೌಕಟ್ಟಿನಲ್ಲಿ ಸಿಕ್ಕಿಕೊಂಡರೆ, ಬರೆ ಮೇಲಿನ ಮರ ವಾಲಿದರೆ ಹೊರಟುಬಿಡಿ. ತೋಡಿನಲ್ಲಿ ಜೋರು ಮಳೆಯಲ್ಲೂ ನೀರು ಕಮ್ಮಿ ಆದರೆ ಅದು ಇನ್ನೂ ಕೆಟ್ಟದ್ದು. ಮೇಲೆ ಎಲ್ಲೋ ಮಣ್ಣು ಬಿದ್ದು ನೀರು ಕಟ್ಟಿಕೊಂಡಿರುತ್ತದೆ. ಇವತ್ತೇ ಬಿರುಕಿನ ಮೇಲ್ಗಡೆ ಒಂದು ಕಾಲುವೆ ತೆಗೆದು ನೀರನ್ನು ಬದಿಗೆ ತಿರುಗಿಸಿ. ಬಿರುಕಿಗೆ ಟಾರ್ಪಾಲು ಹೊದಿಸಿ. ಪಂಚಾಯಿತಿಗೆ ಬರೆದು ಕೊಡಿ, ಫೋಟೊ ಇಟ್ಟುಕೊಳ್ಳಿ. ರಾತ್ರಿ ಮಾತ್ರ ದಯವಿಟ್ಟು ಬೇರೆ ಕಡೆ ಮಲಗಿ.

ಸೂರ್ಲಬ್ಬಿ ಅಕ್ಕ

ಈಗ ಹೋಗಿ ನೋಡಿ ಬಂದೆ. ಉದ್ದಕ್ಕೇ ಹೋಗಿದೆ. ಕೆಳಗಿನ ಭಾಗ ಒಂದು ಕಡೆ ತಗ್ಗಿದ ಹಾಗಿದೆ. ಮಕ್ಕಳನ್ನೂ ಅತ್ತೆಯನ್ನೂ ಕರೆದುಕೊಂಡು ಮಾದಾಪುರದ ನೆಂಟರ ಮನೆಗೆ ಹೋಗುತ್ತೇವೆ. ಮನೆಯವರು ಕಾಲುವೆ ತೆಗೆಯುತ್ತಿದ್ದಾರೆ.

ಸೋಮವಾರಪೇಟೆ ಮೇಷ್ಟ್ರು

ಒಳ್ಳೆಯದಾಯಿತು ಅಕ್ಕ. ಬಿರುಕಿನ ಎರಡೂ ಬದಿಗೆ ಒಂದೊಂದು ಗೂಟ ಹೊಡೆಸಿ. ನಡುವಿನ ಅಂತರ ಅಳೆದು ಬರೆದಿಡಿ. ದಿನಾ ಹಗಲಿನಲ್ಲಿ ಒಬ್ಬರು ಅಳೆದರೆ ಸಾಕು. ಅಂತರ ಹೆಚ್ಚಾಗುತ್ತಿದ್ದರೆ ಯಾರೂ ಹತ್ತಿರ ಹೋಗಬಾರದು.

ಶ್ರೀಮಂಗಲ ಮೆಣಸು

ನಮ್ಮಲ್ಲಿ ನಾಲ್ಕು ದಿನದಿಂದ ಬಿಡುವು. ರೊಬಸ್ಟಾ ಕಾಫಿಯಲ್ಲಿ ಕೊಳೆ ರೋಗ ಕಾಣುತ್ತಿದೆ. ಎಲೆ ಕಪ್ಪಾಗಿ ಕಳಚಿದೆ, ಆದರೆ ಕೆಳಗೆ ಬೀಳದೆ ಬೂಜಿನ ಎಳೆಯಲ್ಲಿ ನೇತಾಡುತ್ತಿದೆ. ಕಾಯಿಯೂ ಉದುರುತ್ತಿದೆ. ಬೋರ್ಡೋ ದ್ರಾವಣ ಹೊಡೆಯಲು ಇದು ಸರಿಯಾದ ಸಮಯವಾ, ಇಲ್ಲ ಕೊಲ್ಲಿಯ ಮಳೆ ಬಂದು ತೊಳೆದುಹೋಗುತ್ತದಾ?

ನಾಪೋಕ್ಲು ತೋಟ

ಬಿಡುವು ಸಿಕ್ಕಾಗ ಹೊಡೆಯಬೇಕು. ಪೂರ್ತಿ ಮಳೆ ನಿಲ್ಲಲಿ ಎಂದು ಕಾದರೆ ಅಕ್ಟೋಬರ್ ಆಗುತ್ತದೆ, ಅಷ್ಟರಲ್ಲಿ ಕಾಯಿ ನೆಲದ ಮೇಲಿರುತ್ತದೆ. ಆದರೆ ಹೊಡೆಯುವ ಮೊದಲು ಆ ನೇತಾಡುವ ಎಲೆಗಳನ್ನು ಕಿತ್ತು ಹೂಳಬೇಕು. ಮರದಿಂದ ಉದುರಿದ ದರಗು ಗಿಡದ ಮೇಲೆ ಗುಪ್ಪೆಯಾಗಿ ಕೂತಿರುತ್ತದೆ, ಅದನ್ನೂ ಕೊಡವಿ ತೆಗೆಯಬೇಕು. ನಡುವಿನ ಚಿಗುರು ಮುರಿದು ಗಾಳಿ ಆಡುವ ಹಾಗೆ ಮಾಡಿ. ಇಷ್ಟು ಮಾಡದೆ ಸುಮ್ನೆ ಔಷಧಿ ಹೊಡೆದರೆ ದುಡ್ಡು ಹೋಗುತ್ತದೆ, ರೋಗ ಹೋಗುವುದಿಲ್ಲ.

ಶೇಕಡಾ 1ರ ಬೋರ್ಡೋ ದ್ರಾವಣ ಎಂದರೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ. ಬೇರೆ ಬೇರೆ ಕರಗಿಸಿ ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯಿರಿ. ಉಲ್ಟಾ ಸುರಿಯಬೇಡಿ. ಆಮೇಲೆ ಒಂದು ಹೊಳೆಯುವ ಕಬ್ಬಿಣದ ಚಾಕು ಅದ್ದಿ ನೋಡಿ. ಅಲಗಿಗೆ ಕೆಂಪು ಬಣ್ಣ ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಕಲಸಿದ್ದನ್ನು ಅವತ್ತೇ ಮುಗಿಸಿ. ಬೆಳಗಿನ ಇಬ್ಬನಿ ಆರಿದ ಮೇಲೆ ಶುರುಮಾಡಿ ಮಧ್ಯಾಹ್ನದೊಳಗೆ ನಿಲ್ಲಿಸಿದರೆ ಎಲೆಯ ಮೇಲೆ ಒಣಗಲು ಹೊತ್ತು ಸಿಗುತ್ತದೆ.

ಗೊಬ್ಬರಕ್ಕೆ ಮಾತ್ರ ಅವಸರ ಬೇಡ. ನಿಮ್ಮ ಕಡೆ ಇನ್ನೊಂದು ಜೋರು ಮಳೆ ಬಂದರೆ ಯೂರಿಯಾ ಎಲ್ಲ ಲಕ್ಷ್ಮಣತೀರ್ಥ ಹೊಳೆ ಸೇರುತ್ತದೆ. ಮಳೆ ಮಧ್ಯಾಹ್ನಕ್ಕೆ ತಿರುಗಿದ ಮೇಲೆ ಹಾಕಿ, ಆಗ ಮಣ್ಣಿನಲ್ಲಿ ಹದ ಇರುತ್ತದೆ, ಕೊಚ್ಚಿಹೋಗುವುದಿಲ್ಲ. ಮೆಣಸಿನ ಬಳ್ಳಿ ಬುಡದಲ್ಲಿ ನೀರು ನಿಂತಿದ್ದರೆ ಮೊದಲು ಅದನ್ನು ಬಿಡಿಸಿ. ಸೊರಗು ರೋಗಕ್ಕೆ ನಿಂತ ನೀರಿಗಿಂತ ದೊಡ್ಡ ದಾರಿ ಬೇರೆ ಇಲ್ಲ.

ಪೊನ್ನಂಪೇಟೆ ಅರೇಬಿಕಾ

ಒಂದು ಸೇರಿಸುತ್ತೇನೆ. ಅರೇಬಿಕಾ ಕಾಫಿ ಇರುವವರು ಈ ಬಿಡುವಿನಲ್ಲೇ ಕಾಂಡಕೊರಕ ಹಿಡಿದ ಗಿಡ ಹುಡುಕಿ ತೆಗೆಯಿರಿ. ಅಕ್ಟೋಬರ್ ಬಿಸಿಲು ಏರಿದರೆ ದುಂಬಿ ಹೊರಗೆ ಬರಲು ಶುರುವಾಗುತ್ತದೆ. ಕಾಂಡದ ಮೇಲೆ ಉಂಗುರದ ಹಾಗೆ ಉಬ್ಬು ಇದ್ದರೆ, ಎಲೆ ಹಳದಿ ಆಗಿದ್ದರೆ ಬುಡ ಸಹಿತ ಕಿತ್ತು ಸುಡಬೇಕು. ಕಾಯಿ ಇದೆ, ಕುಯ್ಲಿನ ತನಕ ಇರಲಿ ಎಂದು ಬಿಟ್ಟರೆ ಪಕ್ಕದ ಗಿಡಗಳೂ ಹೋಗುತ್ತವೆ.

ವಿರಾಜಪೇಟೆ ಅಜ್ಜ

ಮಾಡೆಲ್, ನಕ್ಷೆ ಎಲ್ಲ ಇರಲಿ. ನಮ್ಮ ಹಿರಿಯರು ನಕ್ಷತ್ರ ನೋಡಿಯೇ ತೋಟ, ಗದ್ದೆ ಮಾಡಿದ್ದು. ಮಘೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು ಎಂದು ಹೇಳುತ್ತಿದ್ದರು. ಈಗ ಹುಬ್ಬೆ ನಡೆಯುತ್ತಿದೆ. ಮುಂದೆ ಉತ್ತರೆ, ಹಸ್ತ, ಚಿತ್ತೆ. ಹಸ್ತದಲ್ಲಿ ಗುಡುಗು ಇದ್ದೇ ಇರುತ್ತದೆ. ಇದನ್ನು ಯಾರೂ ಬರೆಯಲಿಲ್ಲವಲ್ಲ?

ಸೋಮವಾರಪೇಟೆ ಮೇಷ್ಟ್ರು

ಅಜ್ಜ, ನೀವು ಹೇಳಿದ್ದಕ್ಕೂ ಇಲ್ಲಿ ಬರೆದದ್ದಕ್ಕೂ ಜಗಳವೇ ಇಲ್ಲ. ಮಳೆ ನಕ್ಷತ್ರ ಸೂರ್ಯನ ಲೆಕ್ಕ. ಒಂದೊಂದು ಹದಿಮೂರು ಹದಿನಾಲ್ಕು ದಿನ. ವರ್ಷ ವರ್ಷವೂ ಹೆಚ್ಚುಕಮ್ಮಿ ಅದೇ ತಾರೀಕಿಗೆ ಬರುತ್ತದೆ. ಸೆಪ್ಟೆಂಬರ್ 13ರ ಸುಮಾರಿಗೆ ಉತ್ತರೆ, 27ರ ಸುಮಾರಿಗೆ ಹಸ್ತ, ಅಕ್ಟೋಬರ್ 10ರ ಹೊತ್ತಿಗೆ ಚಿತ್ತೆ. ಗಾಳಿ ಸತ್ತು ಗುಡುಗು ಶುರುವಾಗುವುದೂ ಸೆಪ್ಟೆಂಬರ್ ಕೊನೆಗೇ. ತಲೆತಲಾಂತರದಿಂದ ನೋಡಿ ಕಂಡುಕೊಂಡದ್ದು ಅದು, ಹಾಗಾಗಿ ಹೊಂದಿಕೊಳ್ಳುತ್ತದೆ.

ಆದರೆ ಈ ವರ್ಷದ ಹಸ್ತ ಹೇಗೆ ಎಂದು ನಕ್ಷತ್ರ ಹೇಳುವುದಿಲ್ಲ. 2018ರಲ್ಲಿ ಆಗಸ್ಟ್‌ನಲ್ಲಿ ಆ ಪಾಟಿ ಹೊಯ್ದ ಮಳೆ ಸೆಪ್ಟೆಂಬರ್‌ನಲ್ಲಿ ಕೈಕೊಟ್ಟಿತು. ಮರುವರ್ಷ 2019ರಲ್ಲಿ ಮುಂಗಾರು ದೇಶದಿಂದ ಹಿಂದೆ ಸರಿಯಲು ಶುರುವಾದದ್ದೇ ಅಕ್ಟೋಬರ್ 9ಕ್ಕೆ. ಅಷ್ಟು ತಡ ಅದಕ್ಕೆ ಮೊದಲು ದಾಖಲೆಯಲ್ಲಿ ಇರಲಿಲ್ಲ. 2023ರಲ್ಲಿ ಎಲ್ ನಿನೊ ಬಂದು ಆಗಸ್ಟ್ ತಿಂಗಳೇ ಒಣಗಿತು. ನಕ್ಷತ್ರಗಳು ಮೂರೂ ವರ್ಷ ಅವೇ.

ವಿರಾಜಪೇಟೆ ಅಜ್ಜ

ಒಪ್ಪಿದೆ ಮೇಷ್ಟ್ರೇ. ತಾರೀಕಿಗೆ ನಕ್ಷತ್ರ, ದಿನಕ್ಕೆ ನಿಮ್ಮ ನಕ್ಷೆ. ನಮ್ಮ ಮನೆಯಲ್ಲಿ ಹಳೆಯ ಮಳೆ ಪುಸ್ತಕ ಇದೆ, ಎಲ್ಲ ಇಂಚು ಸೆಂಟಿನಲ್ಲಿ ಬರೆದದ್ದು. ಮೊಮ್ಮಗಳಿಗೆ ಅದನ್ನು ಮಿ.ಮೀ.ಗೆ ಮಾಡಿಕೊಡು ಎಂದಿದ್ದೇನೆ.

ನಾಪೋಕ್ಲು ತೋಟ

ಅಜ್ಜ, ಅದು ಚಿನ್ನ. ದಯವಿಟ್ಟು ಗೆದ್ದಲಿಗೆ ಬಿಡಬೇಡಿ. ಒಂದು ಇಂಚು ಎಂದರೆ 25.4 ಮಿ.ಮೀ., ನೂರು ಸೆಂಟು. 40 ಸೆಂಟು ಎಂದರೆ 10 ಮಿ.ಮೀ. ಚೂರು ಜಾಸ್ತಿ. ಮೊದಲು ಪುಟಪುಟವಾಗಿ ಫೋಟೊ ತೆಗೆದಿಡಲು ಹೇಳಿ, ಲೆಕ್ಕ ಆಮೇಲೆ ಮಾಡಬಹುದು.

ಮಳೆ ಅಳೆಯುವ ಎಲ್ಲರಿಗೂ ಒಂದು ಮನವಿ. ಬೆಳಿಗ್ಗೆ 8:30ಕ್ಕೇ ಅಳೆಯಿರಿ. ಇಲಾಖೆಯೂ ಅದೇ ಹೊತ್ತಿಗೆ ತೆಗೆದುಕೊಳ್ಳುತ್ತದೆ, ಹಾಗಾಗಿ ಹೋಲಿಸಬಹುದು. ಅಳೆಯುವ ಮೊದಲು ಮಾಪಕದ ಬಾಯಿ ನೋಡಿ. ಸಿಲ್ವರ್ ಓಕ್ ಎಲೆ ಒಂದು ಅಡ್ಡ ಕೂತರೂ ನೀರು ಹೊರಗೆ ಹಾರುತ್ತದೆ. ಕೊಳವೆಯೊಳಗೆ ಜೇಡ ಬಲೆ ಕಟ್ಟಿರುತ್ತದೆ. ಮರದಡಿ, ಸೂರಿನಡಿ ಇಟ್ಟ ಮಾಪಕದ ಲೆಕ್ಕ ಲೆಕ್ಕವಲ್ಲ.

ಬೆಂಗಳೂರಲ್ಲಿರುವ ಮಡಿಕೇರಿ ಹುಡುಗಿ

ಅಕ್ಟೋಬರ್ ಮೊದಲ ವಾರ ಸ್ನೇಹಿತರ ಜೊತೆ ತಡಿಯಂಡಮೋಳ್ ಹತ್ತಬೇಕು ಎಂದಿದ್ದೇವೆ. ಆಗ ಮಳೆ ಇರುತ್ತದಾ?

ಕಕ್ಕಬ್ಬೆ ಹೋಂಸ್ಟೇ

ಬೆಳಿಗ್ಗೆ ಇರುವುದು ಕಮ್ಮಿ, ಮಧ್ಯಾಹ್ನ ಖಂಡಿತ ಎಂದುಕೊಂಡು ಬನ್ನಿ. ಅನುಮತಿ ಇದೆಯಾ ಎಂದು ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಂಡೇ ಹೊರಡಿ. 1,748 ಮೀಟರ್ ಎತ್ತರ, ಮೇಲಿನ ಅರ್ಧ ಬರೀ ಹುಲ್ಲುಗಾವಲು. ಅಲ್ಲಿ ಗುಡುಗು ಬಂದರೆ ನೀವೇ ಎಲ್ಲಕ್ಕಿಂತ ಎತ್ತರದ ವಸ್ತು. ಹನ್ನೆರಡರೊಳಗೆ ಕಾಡಿನ ಅಂಚಿಗೆ ಇಳಿದಿರಬೇಕು. ಮಿಂಚು ಕಂಡು ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿದರೆ ಅದು 10 ಕಿ.ಮೀ. ಒಳಗಿದೆ ಎಂದರ್ಥ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವ ತನಕ ಬಯಲಿಗೆ ಬರಬಾರದು. ಒಂಟಿ ಮರದ ಕೆಳಗೂ ನಿಲ್ಲಬೇಡಿ. ಜಿಗಣೆಗೆ ಸುಣ್ಣ, ಉಪ್ಪು ತನ್ನಿ.

ತೋಟದವರಿಗೂ ಇದೇ ಮಾತು. ಹಸ್ತ, ಚಿತ್ತೆಯಲ್ಲಿ ಮೂರು ಗಂಟೆಯ ಮೇಲೆ ಆಳುಗಳನ್ನು ಮರ ಕಪಾತಿಗೆ (ಕೊಂಬೆ ಕಡಿಯಲು) ಹತ್ತಿಸಬೇಡಿ. ಅಲ್ಯೂಮಿನಿಯಂ ಏಣಿ ಹಿಡಿದುಕೊಂಡು ನಿಂತವರನ್ನು ಆಕಾಶ ಕಪ್ಪಾದ ಮೇಲೂ ಕೆಲಸ ಮಾಡಿಸುವುದನ್ನು ನೋಡಿದ್ದೇನೆ. ಒಂದು ಗಂಟೆಯ ಕೆಲಸಕ್ಕೆ ಒಂದು ಜೀವ ಪಣ ಇಡಬಾರದು.

ಕುಶಾಲನಗರ ಹೊಳೆಬದಿ

ಒಂದು ಸಣ್ಣ ಅನುಮಾನ. ಅಕ್ಟೋಬರ್‌ನಲ್ಲಿ ನಮ್ಮಲ್ಲಿ ಬೆಳಿಗ್ಗೆ ದಟ್ಟ ಮಂಜು, ಮಡಿಕೇರಿಯಲ್ಲಿ ಬಿಸಿಲು. ಮಳೆಗಾಲದಲ್ಲಿ ಪೂರ್ತಿ ಉಲ್ಟಾ. ಯಾಕೆ?

ಸೋಮವಾರಪೇಟೆ ಮೇಷ್ಟ್ರು

ಮಡಿಕೇರಿಯ ಮಳೆಗಾಲದ ಮಂಜು ನಿಜಕ್ಕೂ ಮೋಡ. ಬೆಟ್ಟಕ್ಕೆ ತಾಗಿಕೊಂಡ ಮೋಡದೊಳಗೆ ಊರು ಇರುತ್ತದೆ. ಅಕ್ಟೋಬರ್‌ನದ್ದು ಬೇರೆ. ರಾತ್ರಿ ಆಕಾಶ ಶುಭ್ರ ಇದ್ದರೆ ನೆಲ ಬೇಗ ತಣ್ಣಗಾಗುತ್ತದೆ, ತಂಪು ಗಾಳಿ ಭಾರವಾಗಿ ಇಳಿಜಾರಿನಲ್ಲಿ ಜಾರಿ ತಗ್ಗಿಗೆ ಸೇರುತ್ತದೆ. ಹೊಳೆಯ ತೇವ ಸೇರಿ ಮಂಜಾಗುತ್ತದೆ. ಒಂಬತ್ತು ಗಂಟೆಯ ಬಿಸಿಲಿಗೆ ಕರಗುತ್ತದೆ. ಹಿಂದಿನ ದಿನ ಮಳೆ ಬಿದ್ದಿದ್ದರೆ ಇನ್ನೂ ದಟ್ಟ. ಬೈಕಿನಲ್ಲಿ ಬೆಳಿಗ್ಗೆ ಹೊರಡುವವರು ನಿಧಾನ ಹೋಗಿ.

ಚೆಟ್ಟಳ್ಳಿ ಮಗ

ಅಣ್ಣ, ತುಲಾ ಸಂಕ್ರಮಣಕ್ಕೆ ಅಮ್ಮನನ್ನು ತಲಕಾವೇರಿಗೆ ಕರೆದುಕೊಂಡು ಹೋಗಬೇಕು. ಅಮ್ಮನಿಗೆ ವಯಸ್ಸಾಗಿದೆ, ಮಂಡಿ ನೋವು. ಅಕ್ಟೋಬರ್ 17ರ ಹೊತ್ತಿಗೆ ಅಲ್ಲಿ ಹೇಗಿರುತ್ತದೆ? 2020ರಲ್ಲಿ ಗಜಗಿರಿ ಬೆಟ್ಟ ಕುಸಿದ ಮೇಲೆ ಅಮ್ಮನಿಗೆ ಆ ರಸ್ತೆ ಎಂದರೆ ಭಯ.

ನಾಪೋಕ್ಲು ತೋಟ

ಆ ಕುಸಿತ ಆಗಿದ್ದು ಆಗಸ್ಟ್ ಮೊದಲ ವಾರ, ಮಳೆ ಭರ್ತಿಯಲ್ಲಿದ್ದಾಗ. ಅಕ್ಟೋಬರ್ ನಡುವಿಗೆ ಪಶ್ಚಿಮದ ಗಾಳಿ ಹೋಗಿರುತ್ತದೆ. ಅಲ್ಲಿ ಬರುವುದು ಮಧ್ಯಾಹ್ನದ ಗುಡುಗು ಮಳೆ. ಆದರೆ ತೀರ್ಥೋದ್ಭವದ (ಕುಂಡಿಕೆಯಲ್ಲಿ ಕಾವೇರಿ ತೀರ್ಥ ಉಕ್ಕುವ) ಹೊತ್ತು ಪ್ರತಿ ವರ್ಷ ಬೇರೆ, ಕೆಲವು ವರ್ಷ ರಾತ್ರಿ ಬರುತ್ತದೆ. ಮುಹೂರ್ತ ಮಧ್ಯಾಹ್ನದ ಮೇಲಿದ್ದರೆ ಬೆಳಿಗ್ಗೆಯೇ ಭಾಗಮಂಡಲ ತಲುಪಿ, ಅಮ್ಮನನ್ನು ಅಲ್ಲಿ ಕೂರಿಸಿ ಆಕಾಶ ನೋಡಿಕೊಂಡು ಮೇಲೆ ಹೋಗಿ. ಅದಕ್ಕೆ ಮೊದಲ ಮೂರು ನಾಲ್ಕು ದಿನ ಅಲ್ಲಿ ಜೋರು ಮಳೆ ಬಿದ್ದಿದ್ದರೆ ಅವತ್ತು ಬೇಡ. ಆ ತಿಂಗಳಿಡೀ ಜನ ತೀರ್ಥಕ್ಕೆ ಹೋಗುತ್ತಲೇ ಇರುತ್ತಾರೆ, ನೂಕುನುಗ್ಗಲು ಇಲ್ಲದ ಒಂದು ಬೆಳಿಗ್ಗೆ ಅಮ್ಮನ ಮಂಡಿಗೂ ಒಳ್ಳೆಯದು. ಮೇಲೆ ಗಾಳಿ ತಣ್ಣಗಿರುತ್ತದೆ, ಸ್ವೆಟರ್ ಇರಲಿ. ಮೆಟ್ಟಿಲು ಪಾಚಿ ಕಟ್ಟಿರುತ್ತದೆ. ಕೈ ಹಿಡಿದುಕೊಂಡೇ ಹತ್ತಿಸಿ.

ಚೆಟ್ಟಳ್ಳಿ ಮಗ

ಆಯ್ತು ಅಣ್ಣ. ಅಕ್ಟೋಬರ್ 12, 13ರಿಂದ ಭಾಗಮಂಡಲದ ಮಳೆ ಲೆಕ್ಕ ಯಾರಾದರೂ ದಿನಾ ಹಾಕುತ್ತೀರಾ?

ಭಾಗಮಂಡಲ ಗದ್ದೆಮನೆ

ನಾನು ಹಾಕುತ್ತೇನೆ. ದಿನಾ ಬೆಳಿಗ್ಗೆ ಅಳೆದ ಕೂಡಲೇ. ಸಂಗಮದಲ್ಲಿ ನೀರು ಎಲ್ಲಿವರೆಗೆ ಇದೆ, ನಾಪೋಕ್ಲು ರಸ್ತೆ ತೆರೆದಿದೆಯಾ ಎಂದೂ ಬರೆಯುತ್ತೇನೆ.